ಬಸವನಗುಡಿಯಲ್ಲಿ ಮದ್ರಾಸ್ ಐ

ನಾವಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದು ಜುಲೈ ಕೊನೆಗೆ. ಹಾಗಾಗಿ ನಾವು ಊರಿಗೆ ಬರುವುದು ಯಾವಾಗಲೂ ಮಳೆಗಾಲದಲ್ಲೇ. 2023ರಲ್ಲಿ ಬಂದಾಗ ಬೆಂಗಳೂರಿನ ತುಂಬ ಮದ್ರಾಸ್ ಐ. ಮೋಡ ಕವಿದ ದಿನವೂ ಗಾಂಧಿಬಜಾರಿನಲ್ಲಿ ಕಪ್ಪು ಕನ್ನಡಕಗಳು ಓಡಾಡುತ್ತಿದ್ದವು.

ಬಂದ ಐದನೇ ದಿನ ಬೆಳಿಗ್ಗೆ ಮಗ ಹಾಸಿಗೆಯಿಂದಲೇ ಕೂಗಿದ. "ಅಮ್ಮಾ, ಕಣ್ಣು ಬಿಡಕ್ಕೇ ಆಗ್ತಿಲ್ಲ!" ಎಡಗಣ್ಣಿನ ರೆಪ್ಪೆಗಳು ಗೀಜು ಒಣಗಿ ಅಂಟಿಕೊಂಡಿದ್ದವು. ಒಳಗೆ ಬಿಳಿ ಭಾಗವೆಲ್ಲ ಕೆಂಪು, ಮರಳು ಬಿದ್ದ ಹಾಗೆ ಕರಕರ, ಸುಮ್ನೆ ಸುರಿಯುವ ನೀರು.

ಮನೆಯಲ್ಲಿ ವೈದ್ಯರಿಗೇನು ಕಮ್ಮಿ? ಅಮ್ಮ ನಂದಿಬಟ್ಟಲು ಹೂವು ಕೀಳಲು ಹೊರಟರು. ಪಕ್ಕದ ಮನೆಯವರು ಗೇಟಿನಾಚೆಯಿಂದಲೇ "ಅವನ ಕಣ್ಣು ನೋಡ್ಬೇಡಿ, ನಿಮಗೂ ಬರುತ್ತೆ" ಎಂದರು. ನೋಡಿದರೆ ಬರುವುದಿಲ್ಲ. ಕಣ್ಣು ಉಜ್ಜಿದ ಕೈ, ಆ ಕೈ ಮುಟ್ಟಿದ ಟವೆಲ್, ದಿಂಬು, ಮೊಬೈಲ್, ಇವುಗಳಿಂದ ಬರುತ್ತದೆ. ಕಪ್ಪು ಕನ್ನಡಕ ಹಾಕಿದರೆ ಬೆಳಕು ಚುಚ್ಚುವುದು ಕಮ್ಮಿಯಾಗುತ್ತದೆ, ಅಷ್ಟೇ.

ಅಷ್ಟರಲ್ಲಿ ನನ್ನ ತಮ್ಮ ಮೆಡಿಕಲ್ ಸ್ಟೋರಿನಿಂದ ಡ್ರಾಪ್ಸ್ ತಂದ. ಚೀಟಿ ಕೇಳಲಿಲ್ಲ, ವಯಸ್ಸೂ ಕೇಳಲಿಲ್ಲವಂತೆ. ಬಾಟಲಿಯ ಇರುವೆಯಂಥ ಅಕ್ಷರ ಓದಿದರೆ ಡೆಕ್ಸಾಮೆಥಾಸೋನ್, ಅಂದರೆ ಸ್ಟೀರಾಯ್ಡ್! ಹಾಕಿದರೆ ಕೆಂಪು ಬೇಗ ಇಳಿಯಬಹುದು. ಆದರೆ ಒಳಗಿರುವುದು ಹರ್ಪಿಸ್ ಎಂಬ ವೈರಸ್ಸಿನ ಸೋಂಕಾಗಿದ್ದರೆ ಕಣ್ಣಿನ ಕರಿಗುಡ್ಡೆಗೇ ಪೆಟ್ಟು. ಡಾಕ್ಟರ್ ನೋಡದೆ ಅದನ್ನು ಹಾಕಲೇಬಾರದು. ಇಂಗ್ಲೆಂಡಿನಲ್ಲೂ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಡ್ರಾಪ್ಸ್ ಚೀಟಿಯಿಲ್ಲದೆ ಸಿಗುತ್ತದೆ. ಕೊಡುವ ಮುಂಚೆ ಫಾರ್ಮಸಿಯವರು ನೋವಿದೆಯಾ, ಮಂಜಾಗಿದೆಯಾ, ಲೆನ್ಸ್ ಹಾಕ್ತೀರಾ ಅಂತ ತಲೆ ತಿನ್ನುತ್ತಾರೆ. ಆಗೆಲ್ಲ ಕಿರಿಕಿರಿ ಅನ್ನಿಸುತ್ತಿತ್ತು. ಅಂದು ಮಾತ್ರ ಅವರ ನೆನಪಾಯಿತು.

ಇಷ್ಟಕ್ಕೂ ಇದು ಹೆಚ್ಚಾಗಿ ವೈರಸ್ ಕೆಲಸ. ಆ್ಯಂಟಿಬಯೋಟಿಕ್ ಅದಕ್ಕೆ ನಾಟುವುದಿಲ್ಲ. ಹಳದಿ, ಹಸಿರು ಕೀವು ದಪ್ಪಗೆ ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಎರಡೂ ಕಣ್ಣು ಒಟ್ಟಿಗೆ ತುರಿಸಿ, ಜೊತೆಗೆ ಸೀನೂ ಇದ್ದರೆ ಅಲರ್ಜಿ, ಅದು ಅಂಟುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ಸ್ಟೀಲ್ ಬಟ್ಟಲಲ್ಲಿ ನೀರು ಕುದಿಸಿ ಆರಿಸಿದೆ. ಹತ್ತಿ ಅದ್ದಿ, ಮುಚ್ಚಿದ ರೆಪ್ಪೆಯ ಮೇಲೆ ಒಂದು ನಿಮಿಷ ಇಟ್ಟೆ. ಗೀಜು ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ ಎಸೆದೆ. ಪ್ರತಿ ಸಲ ಹೊಸ ಹತ್ತಿ, ಆಮೇಲೆ ಸೋಪಿನಲ್ಲಿ ಕೈ. ಮಧ್ಯೆ ತಣ್ಣನೆ ಬಟ್ಟೆ ಇಟ್ಟರೆ ಅವನಿಗೆ ಹಾಯೆನಿಸುತ್ತಿತ್ತು. ದಿಂಬಿನ ಕವರ್ ದಿನಾ ಬದಲಾಯಿಸಿದೆ. ಹೂವು ಹೂವಿನ ಪಾಡಿಗೆ ಗಿಡದಲ್ಲೇ ಇತ್ತು. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಕಣ್ಣು ಜೋರಾಗಿ ನೋಯುತ್ತಿದ್ದರೆ, ದೃಷ್ಟಿ ಮಂಜಾದರೆ, ಬೆಳಕೇ ತಡೆಯಲಾಗದಿದ್ದರೆ ಈ ಹತ್ತಿ ನೀರಿನ ಆಟ ಬೇಡ. ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಮಿಂಟೋ ಆಸ್ಪತ್ರೆ ಇದ್ದೇ ಇದೆಯಲ್ಲ. ಲೆನ್ಸ್ ಹಾಕುವವರು, ಹಸುಗೂಸುಗಳಂತೂ ಕಾಯಲೇಬಾರದು.

ಮೂರನೇ ದಿನ ಬಲಗಣ್ಣೂ ಕೆಂಪಾಯಿತು, ಅದು ಇದರ ಮಾಮೂಲಿ ಚಾಳಿ. ಐದನೇ ದಿನ ಅಮ್ಮನಿಗೂ ಬಂತು. ಇಷ್ಟೆಲ್ಲ ಕೈ ತೊಳೆದರೂ ಹೇಗೆ ಅಂತ ನೋಡಿದರೆ, ವಾಶ್ ಬೇಸಿನ್ ಪಕ್ಕದ ಮೊಳೆಯಲ್ಲಿ ಇಡೀ ಮನೆಗೆ ಒಂದೇ ಟವೆಲ್! ಚೆನ್ನಾಗಿ ತೊಳೆದ ಕೈಗಳನ್ನೆಲ್ಲ ಅದಕ್ಕೇ ಒರೆಸುತ್ತಿದ್ದೆವು. ಅವತ್ತೇ ಐದು ಬಣ್ಣದ ಐದು ಟವೆಲ್ ತಂದು ನೇತುಹಾಕಿದೆ. ಹತ್ತು ದಿನಕ್ಕೆ ಮಗ ಪೂರ್ತಿ ಸರಿಹೋದ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮ ಮಾತಾಡುತ್ತಾ ಬೇಸಿನ್ ಕಡೆ ಹೋದರು. ಮೊಳೆಯಲ್ಲಿ ಒಂದೇ ಟವೆಲ್. ಉಳಿದ ನಾಲ್ಕೆಲ್ಲಿ ಎಂದೆ. "ಹೊಸದು ಕಣೇ, ಬೀರುವಿನಲ್ಲಿಟ್ಟಿದ್ದೀನಿ, ನೀವು ಬಂದಾಗ ತೆಗೆದರಾಯ್ತು" ಎಂದರು.