ಅರ್ಧ ಲೋಡು ನವಣೆ

ಎಫ್‌ಪಿಒ, ಅಂದರೆ ರೈತರೇ ಷೇರು ಹಾಕಿ ಕಟ್ಟಿದ ಕಂಪನಿಯ ಕೆಲಸಕ್ಕೆ ಸೇರಿದಾಗ ಡೈರೆಕ್ಟರುಗಳು ಹೇಳಿದ್ದು ಇಷ್ಟೇ: "ನೀವು ಮಾರ್ಕೆಟ್ ಹುಡುಕ್ರಿ, ಮಾಲಿನ ಚಿಂತಿ ನಮಗ ಬಿಡ್ರಿ."

ಮಾರ್ಕೆಟ್ ಸಿಕ್ಕಿತು. ಬೆಂಗಳೂರಿನ ಒಂದು ಸಾವಯವ ಮಳಿಗೆಯವರು ಒಂದು ಲೋಡು ನವಣೆಗೆ ಖರೀದಿ ಆರ್ಡರ್ ಕಳಿಸಿದರು. ಪಿಜಿಎಸ್, ಅಂದರೆ ರೈತರ ಗುಂಪೇ ಕೊಡುವ ಸಾವಯವ ಸರ್ಟಿಫಿಕೇಟ್ ನಡೆಯುತ್ತದೆ, ಆದರೆ ಪ್ರತಿ ಚೀಲದ ಮೇಲೂ ಅದು ಯಾವ ರೈತರ ಮಾಲು ಅಂತ ತೋರಿಸುವ ಲಾಟ್ ನಂಬರ್ ಬೇಕು ಅಂದರು. ಸುಗ್ಗಿಗೆ ಮೊದಲೇ ಮೀಟಿಂಗ್ ಕರೆದು ಯಾರು ಎಷ್ಟು ಕ್ವಿಂಟಾಲ್ ಕೊಡುತ್ತಾರೆ ಅಂತ ಬರೆಸಿಕೊಂಡೆವು. ಮಂಡಿಗಿಂತ ಜಾಸ್ತಿ ರೇಟು ಕೊಡುತ್ತಿದ್ದೇವೆ, ಮಾಲು ಬೇರೆಲ್ಲಿಗೆ ಹೋದೀತು ಅಂತ ನಾನು ನಿಶ್ಚಿಂತೆಯಿಂದ ಲಾರಿ ಬುಕ್ ಮಾಡಿದೆ.

ಲೋಡಿಂಗ್ ದಿನ ಮಧ್ಯಾಹ್ನ ಕಳೆದರೂ ಗೋಡೌನಿಗೆ ಬಂದದ್ದು ಅರ್ಧ ಲೋಡು. ಹಮಾಲರು ಚೀಲಗಳ ಮೇಲೆ ಒರಗಿ ನಿದ್ದೆ ಹೊಡೆಯುತ್ತಿದ್ದರು. ಡ್ರೈವರ್ ಬಂದು ಬಂದು "ಹಾಲ್ಟಿಂಗ್ ಚಾರ್ಜು ಬೀಳ್ತದ ಸರ" ಅನ್ನುತ್ತಿದ್ದ. ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಜಾಸ್ತಿ ಜನ ಎತ್ತಲೇ ಇಲ್ಲ. ಎತ್ತಿದ ಒಬ್ಬ ಹಿರಿಯರು ಮುಚ್ಚುಮರೆ ಇಲ್ಲದೆ ಹೇಳಿದರು: "ನಿಮ್ಮ ರೊಕ್ಕ ಬರೋದು ನಲವತ್ತೈದು ದಿನಕ್ಕ. ಮಗಳ ಫೀ ಸೋಮವಾರ ಕಟ್ಟಬೇಕು. ದಲಾಲಿ ಅಂಗಡಿಗೆ ಹಾಕಿದೆ, ಸಂಜಿಕಿ ರೊಕ್ಕ ಬಂತು. ಏನ್ ಮಾಡ್ಲಿ ಹೇಳ್ರಿ?"

ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ರೇಟಿನ ಲೆಕ್ಕ ಹಾಕಿದ್ದ ನಾನು, ದುಡ್ಡು ಕೈಸೇರುವ ದಿನವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅಷ್ಟರಲ್ಲಿ ಒಬ್ಬ ಡೈರೆಕ್ಟರ್ ಬಂದರು. "ಮಂಡಿಯಾಗ ಬೇಕಾದಷ್ಟು ನವಣಿ ಐತಿ. ಉಳಿದದ್ದು ಅಲ್ಲೇ ತುಂಬಿಸ್ರಿ. ನವಣಿ ಅಂದ್ರ ನವಣಿ, ಯಾರಿಗೆ ಗೊತ್ತಾಗ್ತದ?" ರೈತರ ಕಂಪನಿಯಲ್ಲಿ ಇದೇ ಫಜೀತಿ. ಮಾಲು ಕೊಡುವವರೂ ಅವರೇ, ನನಗೆ ಸಂಬಳ ಕೊಡುವವರೂ ಅವರೇ. ಸೂಪರ್‌ವೈಸರ್ ಮಾರ್ಕರ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಪಿಜಿಎಸ್ ನಿಂತಿರುವುದೇ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಹಿ ಹಾಕುವುದರ ಮೇಲೆ. ಒಂದು ಗುಂಪಿಗೆ ಕನಿಷ್ಠ 5 ರೈತರು. ಒಬ್ಬರ ಲಾಟ್‌ನಲ್ಲಿ ಕೀಟನಾಶಕದ ಅಂಶ ಸಿಕ್ಕರೆ ಉಳಿದವರ ಸಹಿಯ ಮೇಲೂ ಅನುಮಾನ ಬರುತ್ತದೆ.

"ಆ ಚೀಲಕ್ಕ ಯಾರ ಲಾಟ್ ನಂಬರ್ ಹಾಕ್ಲಿ? ನಿಮ್ಮದೇ ಹಾಕ್ಲೇನ್ರಿ ಸರ?" ಅಂದೆ.

ಅವರಿಗೆ ಥಟ್ಟನೆ ಯಾವುದೋ ಫೋನ್ ಬಂತು.

ಅರ್ಧ ಲೋಡೇ ಹೋಯಿತು, ಪೂರ್ತಿ ಬಾಡಿಗೆ ಕೊಟ್ಟು. ಖರೀದಿದಾರರು ಬೈದರು, ಆದರೆ ಮಾಲು ಇಳಿಸಿಕೊಂಡರು.

ಈಗ ತೂಕ ಆದ ದಿನವೇ ಮುಕ್ಕಾಲು ಪಾಲು ದುಡ್ಡು ಕೊಡುತ್ತೇವೆ. ಅದಕ್ಕೆ ದುಡ್ಡೆಲ್ಲಿದೆ ಅಂತ ಮಾತ್ರ ಕೇಳಬೇಡಿ. 2020ರ ಕೇಂದ್ರ ಯೋಜನೆಯಲ್ಲಿ ಆಫೀಸು ನಡೆಸಲು 3 ವರ್ಷಕ್ಕೆ 18 ಲಕ್ಷದವರೆಗೆ ಸಿಗುತ್ತದೆ. ಸದಸ್ಯರು ಹಾಕಿದ ಷೇರು ಹಣಕ್ಕೆ ಸರಿಸಮನಾಗಿ, ಒಬ್ಬ ಸದಸ್ಯರ ಲೆಕ್ಕಕ್ಕೆ 2,000 ರೂಪಾಯಿವರೆಗೆ ಕಂಪನಿಗೆ ಸಿಗುತ್ತದೆ, ಒಟ್ಟು 15 ಲಕ್ಷ ಮೀರದಂತೆ. ಆಫೀಸಿನ ದುಡ್ಡಲ್ಲಿ ಕಂಪ್ಯೂಟರ್, ಕುರ್ಚಿ, ನನ್ನ ಸಂಬಳ ಎಲ್ಲಾ ಆಗುತ್ತದೆ. ಸುಗ್ಗಿಯಲ್ಲಿ ನೂರಾರು ಜನರ ಮಾಲು ಒಟ್ಟಿಗೆ ಬಂದರೆ ಆ ಷೇರು ದುಡ್ಡು ಒಂದು ವಾರಕ್ಕೂ ಸಾಲದು. ಬ್ಯಾಂಕಿನವರು ಕೇಳುವ ಹಳೆಯ ಬ್ಯಾಲೆನ್ಸ್ ಶೀಟು ನಮ್ಮಂಥ ಹೊಸ ಕಂಪನಿಯಲ್ಲಿ ಎಲ್ಲಿಂದ ಬರಬೇಕು?

ಹಾಗಾಗಿ ಅಪಾರ್ಟ್‌ಮೆಂಟ್ ಸಂತೆಗಳಿಗೆ ಸಣ್ಣ ಪ್ಯಾಕೆಟ್ ಮಾಡಿ ಕಳಿಸುತ್ತಿದ್ದೇವೆ. ಓಡಾಟ ಜಾಸ್ತಿ, ಆದರೆ ದುಡ್ಡು ಅವತ್ತೇ. ಮೊನ್ನೆ ಮತ್ತೊಂದು ದೊಡ್ಡ ಕಂಪನಿಯವರು ಅರವತ್ತು ದಿನದ ಉದ್ರಿ ಕೇಳಿದರು. ಅಡ್ವಾನ್ಸ್ ಕೊಟ್ಟರೆ ಮಾತ್ರ ಅಂತ ಮೇಲ್ ಹಾಕಿದ್ದೇನೆ. ಡೈರೆಕ್ಟರುಗಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ.