ತುಪ್ಪ ಮಾತ್ರ ಘಮ್ ಅಂತಿತ್ತು

"ಅಡುಗೆ ಕೆಟ್ಟಿದೆ ಮಾಣಿ. ಆದ್ರೆ ತುಪ್ಪ ಘಮ್ ಅಂತಿತ್ತು."

ಮೊನ್ನೆ ಭಾನುವಾರ ರಾತ್ರಿ ಹತ್ತೂವರೆಗೆ ದೊಡ್ಡಮ್ಮ ಹೇಳಿದ ಮಾತಿದು. ಊಟದ ಬಗ್ಗೆ ಅಲ್ಲ, ಹಾಲಿವುಡ್ ನಟಿ ಎಲಿಜಬೆತ್ ಟೇಲರ್‌ಳ ಒಂದು ಹಳೇ ಸಿನಿಮಾ ಬಗ್ಗೆ. ಇವತ್ತು ಗುರುವಾರ. ಶಿವಮೊಗ್ಗಕ್ಕೆ ವಾಪಸ್ ಬಂದು ಮೂರು ದಿನ ಆಯ್ತು. ಆಫೀಸಿನಲ್ಲಿ ಕೂತಾಗಲೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. (ನಮ್ಮ ಮನೆ ಮಾತು ಹವಿಗನ್ನಡ. ಅದನ್ನು ಹಾಗೇ ಬರೆದರೆ ಅರ್ಧ ಜನ ಓದೋದು ಬಿಡ್ತೀರಿ, ಅದಕ್ಕೆ ಸ್ವಲ್ಪ ತಿದ್ದಿದ್ದೇನೆ. ಮಾಣಿ ಅಂದರೆ ಹುಡುಗ. ನನಗೆ ನಲವತ್ತೆರಡಾದರೂ ಅವಳಿಗೆ ಇನ್ನೂ ಮಾಣಿಯೇ.)

ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದು ಅಡಿಕೆ ತೋಟಕ್ಕೆ ಔಷಧಿ ಹೊಡೆಸೋಕೆ. ಪುಷ್ಯ ಮಳೆ ಬಿಡಲೇ ಇಲ್ಲ. ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ಬೆಳಗ್ಗೆ ಬಂದು ಜಗಲಿಯಲ್ಲಿ ಕೂತು ಎರಡು ಸಲ ಕವಳ (ಎಲೆಅಡಿಕೆ) ಹಾಕಿ, "ಮಳೆ ನಿಂತು ಹೊಳವಾಗದೆ ಮರ ಹತ್ತೋದು ಹೆಂಗೆ?" ಅಂತ ಹೇಳಿ ಹೋದ. ಮೈಲುತುತ್ತ, ಸುಣ್ಣ ಎಲ್ಲ ಬ್ಯಾರಲ್ ಪಕ್ಕ ಹಾಗೇ ಕೂತಿದ್ದವು. ಕೊಳೆರೋಗ ಬಂದರೆ ವರ್ಷದ ಫಸಲೇ ಹೋಯ್ತು ಅನ್ನೋ ಚಿಂತೆ ಒಂದು ಕಡೆ, ಮಾಡೋಕೆ ಏನೂ ಕೆಲಸ ಇಲ್ಲದ ಸುಖ ಇನ್ನೊಂದು ಕಡೆ. ಕರೆಂಟ್ ಹಿಂದಿನ ದಿನವೇ ಹೋಗಿತ್ತು. ಇನ್ವರ್ಟರ್‌ನಲ್ಲಿ ಎರಡು ಬಲ್ಬು, ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಚಾರ್ಜು.

ಅಕ್ಕ ಬಂದಿರಲಿಲ್ಲ, ಭಾವ ಬಂದಿದ್ದರು. ದೊಡ್ಡಮ್ಮನ ಅಳಿಯ. ಸಿನಿಮಾ ಬಲ್ಲವರು, ತುಂಬಾ ಬಲ್ಲವರು. ಅವರ ಪ್ರಕಾರ ಒಳ್ಳೆ ಸಿನಿಮಾ ಅಂದರೆ ನೋಡುವವನಿಗೆ ಸ್ವಲ್ಪ ಹಿಂಸೆ ಕೊಡಬೇಕು. ನಕ್ಕರೆ ದಂಡ. ನನ್ನ ಪೆನ್‌ಡ್ರೈವ್‌ನಲ್ಲಿ "ಹಾಳು ಸಿನಿಮಾ" ಅಂತ ಒಂದು ಫೋಲ್ಡರ್ ಇದೆ. ಅದರ ಹೆಸರು ನೋಡಿಯೇ ಅವರು ಮುಖ ಹಿಂಡಿದರು.

ಆ ಫೋಲ್ಡರ್‌ನಲ್ಲಿ ಇರೋದು ಹೆಚ್ಚಾಗಿ ಅರವತ್ತರ ದಶಕದ ಸಿನಿಮಾಗಳು. ದೊಡ್ಡ ತಾರೆ, ದೊಡ್ಡ ದುಡ್ಡು, ದೊಡ್ಡ ಸೋಲು. ಹಾಲಿವುಡ್ಡಿನ ಹಳೇ ಸ್ಟುಡಿಯೋ ಜಮೀನ್ದಾರಿಕೆ ಕುಸೀತಾ ಇದ್ದ ಕಾಲ. ಹೊಸಬರು ಏನು ಮಾಡ್ತಾರೋ ಗೊತ್ತಿಲ್ಲ, ಇರೋ ತಾರೆಯ ಮೇಲೇ ಎಲ್ಲ ಸುರೀತಿದ್ದರು. 1963ರ ಕ್ಲಿಯೋಪಾತ್ರ ನಿಮಗೆ ಗೊತ್ತೇ ಇರತ್ತೆ. ಲಂಡನ್ನಿನಲ್ಲಿ ಶುರು ಮಾಡಿ, ಟೇಲರ್ ಕಾಯಿಲೆ ಬಿದ್ದು, ಕಟ್ಟಿದ ಸೆಟ್ಟೆಲ್ಲ ಬಿಟ್ಟು ರೋಮಿಗೆ ಹೋಗಿ ಮತ್ತೆ ಮೊದಲಿಂದ ತೆಗೆದರು. ಆ ವರ್ಷ ಅಮೆರಿಕದಲ್ಲಿ ಅದಕ್ಕಿಂತ ಜಾಸ್ತಿ ಗಳಿಸಿದ ಸಿನಿಮಾ ಇಲ್ಲ. ಆದರೂ ನಷ್ಟ, ಸ್ಟುಡಿಯೋನೇ ಮುಳುಗೋ ಹಂತಕ್ಕೆ ಬಂತು. ಒಬ್ಬಳೇ ಹೆಂಗಸಿಗೆ 65 ಉಡುಪು. ಇನ್ನೊಂದು "ರಿಫ್ಲೆಕ್ಷನ್ಸ್ ಇನ್ ಎ ಗೋಲ್ಡನ್ ಐ", ನಿರ್ದೇಶಕ ಜಾನ್ ಹ್ಯೂಸ್ಟನ್ 1967ರಲ್ಲಿ ಟೇಲರ್ ಮತ್ತು ಮರ್ಲಾನ್ ಬ್ರ್ಯಾಂಡೋ ಇಬ್ಬರನ್ನೂ ಹಾಕಿಕೊಂಡು ಮಾಡಿದ್ದು. ಇಡೀ ಸಿನಿಮಾವನ್ನು ಬಂಗಾರದ ಬಣ್ಣದಲ್ಲಿ ಅದ್ದಿದ್ದ. ಜನ ಕಕ್ಕಾಬಿಕ್ಕಿ. ಕೊನೆಗೆ ಆ ಪ್ರಿಂಟುಗಳನ್ನು ವಾಪಸ್ ತಗೊಂಡು ಮಾಮೂಲಿ ಬಣ್ಣದಲ್ಲಿ ಬಿಟ್ಟರು.

ಇವುಗಳಲ್ಲಿ ನನಗೆ ತೀರಾ ಪ್ರೀತಿ ಅಂದರೆ 1968ರ "ಬೂಮ್!". ಅವತ್ತು ಹಾಕಿದ್ದೂ ಅದನ್ನೇ. ಆಸ್ತಿವಂತ ಹೆಂಗಸು, ಆರು ಮದುವೆ ಆದವಳು, ಸಮುದ್ರದ ನಡುವೆ ಬಂಡೆ ಮೇಲಿನ ಬಿಳೀ ಮನೆಯಲ್ಲಿ ಸಾಯ್ತಾ ಇದ್ದಾಳೆ. ಸಾಯ್ತೀನಿ ಅಂತ ಒಪ್ಪೋದಿಲ್ಲ. ತನ್ನ ಜೀವನಚರಿತ್ರೆ ಹೇಳಿ ಬರೆಸ್ತಾಳೆ, ನಡುರಾತ್ರಿಯಲ್ಲೂ ಸ್ಪೀಕರ್‌ನಲ್ಲಿ ಕೂಗಿ ಸೆಕ್ರೆಟರಿಯನ್ನು ಎಬ್ಬಿಸ್ತಾಳೆ. ಆಗ ಒಬ್ಬ ಗಂಡಸು ಬೆಟ್ಟ ಹತ್ತಿ ಬರ್ತಾನೆ, ಅವಳ ನಾಯಿಗಳು ಅವನನ್ನು ಕಚ್ತಾವೆ. ಅವನು ಹೋದ ಕಡೆಯೆಲ್ಲ ಸಾವು. ಅಷ್ಟೇ ಕಥೆ. ಬರೆದವನು ಅಮೆರಿಕದ ನಾಟಕಕಾರ ಟೆನೆಸಿ ವಿಲಿಯಮ್ಸ್. ಮೂಲ ನಾಟಕವೂ ಓಡಿರಲಿಲ್ಲ. 1964ರಲ್ಲಿ ಎರಡನೇ ಸಲ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ತಂದಾಗ ಐದೇ ಆಟಕ್ಕೆ ನಿಂತುಹೋಯ್ತು. ಅದನ್ನೇ ತಗೊಂಡು, ಸಾರ್ಡಿನಿಯಾ ದ್ವೀಪದಲ್ಲಿ ಕಡಿದಾದ ಬಂಡೆ ಮೇಲೆ ಮನೆ ಕಟ್ಟಿಸಿ, ಟೇಲರ್ ಮತ್ತು ಅವಳ ಆಗಿನ ಗಂಡ ರಿಚರ್ಡ್ ಬರ್ಟನ್ ಇಬ್ಬರನ್ನೂ ಕೂರಿಸಿ ಜೋಸೆಫ್ ಲೋಸಿ ಸಿನಿಮಾ ಮಾಡಿದ. ಎಂಥಾ ಧೈರ್ಯ ಅಂತೀರಿ!

ಲ್ಯಾಪ್‌ಟಾಪನ್ನು ಕರಿದ ಹಲಸಿನ ಹಪ್ಪಳದ ಡಬ್ಬದ ಮೇಲೆ ಇಟ್ಟೆವು. ಹಪ್ಪಳ ಬೇಕಾದಾಗಲೆಲ್ಲ ಸಿನಿಮಾ ಎತ್ತಿ ಪಕ್ಕಕ್ಕಿಡಬೇಕು. ಜಾಸ್ತಿ ಎತ್ತಿಸಿದ್ದು ಭಾವ.

"ನಾಟಕದಲ್ಲಿ ಅವಳು ಮುದುಕಿ, ಅವನು ಹುಡುಗ. ಇಲ್ಲಿ ಇವಳಿಗೆ 36, ಅವನಿಗೆ 42. ಕಥೆಯ ಬುಡವೇ ಹೋಯ್ತಲ್ಲ," ಅಂದರು ಭಾವ, ಹತ್ತು ನಿಮಿಷಕ್ಕೆ. ಇಪ್ಪತ್ತು ನಿಮಿಷಕ್ಕೆ, "ಬರೀ ಮಾತು." ಅರ್ಧ ಗಂಟೆಗೆ, "ಇದೇ ಮನುಷ್ಯ ದಿ ಸರ್ವೆಂಟ್ ಮಾಡಿದ್ದು ಅಂದ್ರೆ ನಂಬೋಕಾಗಲ್ಲ. ಆಮೇಲೆ 1971ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ತಗೊಂಡವನು ಬೇರೆ."

ಅವರು ಹೇಳಿದ್ದು ಒಂದೂ ತಪ್ಪಲ್ಲ. ನನಗೆ ಬೇಜಾರು ಅದೇ.

ದೊಡ್ಡಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಹಾಗಂತ ಅವಳನ್ನು ಹಳ್ಳಿ ಮುಗ್ಧೆ ಅಂತ ತಿಳ್ಕೋಬೇಡಿ. ಹೆಗ್ಗೋಡು ನಮಗೆ ದೂರ ಇಲ್ಲ. ಅಲ್ಲಿನ ನಾಟಕ ಸಂಸ್ಥೆ ನೀನಾಸಂನವರು 1973ರಲ್ಲಿ ಚಿತ್ರಸಮಾಜ ಶುರು ಮಾಡಿದ ಮೇಲೆ ಜಪಾನಿನದ್ದು, ಬಂಗಾಳದ್ದು ಎಲ್ಲ ನೋಡಿ ಬಂದವಳು. ತೋಟದ ಕೆಲಸ ಮುಗಿಸಿ ಲಾಟೀನು ಹಿಡಿದು ಹೋಗ್ತಿದ್ದೆವು ಅಂತ ಈಗಲೂ ಹೇಳ್ತಾಳೆ. ನಮ್ಮ ಕಡೆಯವರಿಗೆ ಒಳ್ಳೆ ಸಿನಿಮಾ ಯಾವುದು ಅಂತ ಹೇಳಿಕೊಡೋದೇ ಬೇಡ. ಅದರಿಂದಾನೇ ನನ್ನ ಈ ಹಾಳು ಚಟ ನನಗೊಂದು ಗುಟ್ಟು. ನಾನೂ ಹೆಗ್ಗೋಡಿಗೆ ಹೋಗಿ ಬಂದವನೇ. ಅದಕ್ಕೇ ಇಷ್ಟು ವರ್ಷ ಒಂದು ಉಪಾಯ ಮಾಡಿಕೊಂಡಿದ್ದೆ. ಯಾರಾದರೂ ಕೇಳಿದರೆ, "ಸುಮ್ನೆ ನಗೋಕೆ ನೋಡ್ತೀನಿ ಮಾರಾಯ, ಎಷ್ಟು ಕೆಟ್ಟದಾಗಿದೆ ಅಂದ್ರೆ ಮಜಾ ಬರತ್ತೆ" ಅನ್ನೋದು. ಆ ರಾತ್ರಿಯೂ ಅದೇ ಲೆಕ್ಕ. ಎಲ್ಲೆಲ್ಲಿ ನಿಲ್ಲಿಸಿ ನಗಿಸಬೇಕು ಅಂತ ಮೊದಲೇ ಯೋಚಿಸಿದ್ದೆ.

ಟೇಲರ್ ರಾತ್ರಿಯೂಟಕ್ಕೆ ಒಬ್ಬ ಅತಿಥಿಯನ್ನು ಕರೆಯೋ ದೃಶ್ಯ ಒಂದಿದೆ. ಅತಿಥಿ ಇಂಗ್ಲೆಂಡಿನ ನಾಟಕಕಾರ, ನಟ ನೋಯೆಲ್ ಕವರ್ಡ್. ಮೂಲದಲ್ಲಿ ಅದು ಹೆಂಗಸಿನ ಪಾತ್ರ, ಇಲ್ಲಿ ಅವನಿಗೆ ಕೊಟ್ಟಿದ್ದಾರೆ. ಅವಳು ಜಪಾನಿನ ಕಬುಕಿ ಥರದ ಬಿಳೀ ಉಡುಪು ಹಾಕಿ, ತಲೆ ಮೇಲೆ ಮುಳ್ಳು ಮುಳ್ಳಿನ ಒಂದು ದೊಡ್ಡ ಕಿರೀಟ ಇಟ್ಟು ಹೊರಗೆ ಬರ್ತಾಳೆ. ಮನೆಯಲ್ಲಿ ಇರೋದೇ ಮೂರು ಮತ್ತೊಂದು ಜನ. ನಾನು ಅಲ್ಲಿಗೆ ನಿಲ್ಲಿಸಿದೆ. ನಕ್ಕೆ. ಭಾವನೂ ನಕ್ಕರು, ದಂಡ ಮರೆತು.

ದೊಡ್ಡಮ್ಮ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದಳು. "ಇದೇನೋ, ಕೇದಿಗೆ ಮುಂದಲೆ ಕಟ್ಟಿದ ಹಾಗಿದೆ!"

ಯಕ್ಷಗಾನದಲ್ಲಿ ಅಭಿಮನ್ಯು ವೇಷಕ್ಕೆ ತಲೆಗೆ ಕಟ್ತಾರಲ್ಲ, ಅದು. ನಾವು ಇನ್ನೂ ಜೋರಾಗಿ ನಕ್ಕೆವು. ಅವಳು ನಗಲಿಲ್ಲ.

"ಅಷ್ಟು ಭಾರ ಹೊತ್ಕೊಂಡು ಕತ್ತು ಹೆಂಗೆ ನೆಟ್ಟಗಿಟ್ಟಿದ್ದಾಳೆ ನೋಡು. ಇನ್ನೂ ಒಂದು ಸಲ ಹಾಕು."

ಹಾಕಿದೆ. ಮೂರು ಸಲ ಹಾಕಿದೆ. ಮೂರನೇ ಸಲ ನನಗೂ ಕಂಡಿತು. ಹೆಂಗಸಿಗೆ ಅಲ್ಲಿ ಮಾತು ಸರಿ ಇಲ್ಲ, ದೃಶ್ಯ ಸರಿ ಇಲ್ಲ, ಉಡುಪಂತೂ ದೇವರೇ ಗತಿ. ಆದರೆ ಕತ್ತು ಅಲ್ಲಾಡಲಿಲ್ಲ. ತಾನು ರಾಣಿ ಅಂತ ಅವಳಿಗೆ ಅನುಮಾನವೇ ಇಲ್ಲ. ರಾತ್ರಿ ಮೂರು ಗಂಟೆಗೆ, ಆಟ ಕಳೆಗಟ್ಟದೆ ಅರ್ಧ ಜನ ಚಾಪೆ ಸುತ್ತಿಕೊಂಡು ಎದ್ದಾಗ, ಒಬ್ಬ ವೇಷಧಾರಿ ಪರದೆ ಸರಿಸಿ ಬಂದು ನಿಂತ ನಿಲುವಿಗೇ ಜನ ಮತ್ತೆ ಕೂತುಬಿಡ್ತಾರಲ್ಲ, ಆ ಥರ. ಪ್ರಸಂಗ ಯಾವುದು ಅಂತ ಆಮೇಲೆ ಯಾರಿಗೂ ನೆನಪಿರಲ್ಲ.

"ಇದು ಯಾವ ವರ್ಷದ್ದು?" ಅಂತ ಕೇಳಿದಳು.

"68ರದ್ದು."

"ನಮ್ಮ ಮದುವೆ ವರ್ಷ. ಆಗ ನಿನ್ನ ದೊಡ್ಡಪ್ಪ ಟೆಂಟಿಗೆ ಕರ್ಕೊಂಡು ಹೋಗಿ ಜೇಡರ ಬಲೆ ತೋರಿಸಿದ್ರು."

"ಕಥೆ ಏನು ಅದರದ್ದು?"

"ಕಥೆ ಯಾರಿಗೆ ನೆನಪಿದೆ? ರಾಜ್‌ಕುಮಾರ್ ಕೋಟು ಹಾಕಿದ್ದ."

ಅಲ್ಲಿವರೆಗೆ ಕಿರೀಟದಲ್ಲಿ, ಪಂಚೆಯಲ್ಲಿ ನೋಡಿದ್ದ ಮನುಷ್ಯ ಸಿಐಡಿ ಆಗಿ ಕೋಟು ಹಾಕಿ ಬಂದಿದ್ದ. ಐವತ್ತು ವರ್ಷ ಕಳೆದ ಮೇಲೆ ಉಳಿದಿದ್ದು ಆ ಕೋಟು. ಭಾವ ಅದಕ್ಕೂ ಏನೋ ಹೇಳೋಕೆ ಹೊರಟರು, ಅತ್ತೆ ಅಂತ ಸುಮ್ಮನಾದರು.

ಬರ್ಟನ್‌ನದ್ದು ಇನ್ನೊಂದು ಕಥೆ. ಅವನಿಗೆ ಸಮುರಾಯ್ ನಿಲುವಂಗಿ ಹಾಕಿಸಿ ಕತ್ತಿ ಕೊಟ್ಟಿದ್ದಾರೆ. ಕೆಳಗೆ ಅಲೆ ಬಂಡೆಗೆ ಬಡಿದಾಗ "ಬೂಮ್" ಅಂತಾನೆ. ಅದೇನು ಕಂಠ ಅಂತೀರಿ! ವಾರಪತ್ರಿಕೆಯ ಭವಿಷ್ಯ ಓದಿದರೂ ಶ್ರಾದ್ಧದ ಮಂತ್ರದ ಹಾಗೆ ಕೇಳಿಸೋ ಕಂಠ. ಭಾವ "ಛೆ" ಅಂದರು. ಹೊರಗೆ ಅದೇ ಹೊತ್ತಿಗೆ ತೋಟದಲ್ಲಿ ಅಡಿಕೆ ಹೆಡೆಯೊಂದು ಧೊಪ್ ಅಂತ ಬಿತ್ತು. "ಬೂಮ್," ಅಂದಳು ದೊಡ್ಡಮ್ಮ. ಮಾರನೇ ದಿನ ಬಚ್ಚಲಿಗೆ ನೀರು ಸುರಿಯುವಾಗಲೂ ಅಂದಳು.

ಇಷ್ಟೆಲ್ಲ ಆಗಿ ಕೊನೆಯ ದೃಶ್ಯ. ಅವಳು ಹಾಸಿಗೆಯಲ್ಲಿದ್ದಾಳೆ. ಅವನು ಪಕ್ಕದಲ್ಲಿ ಕೂತು ಅವಳ ಬೆರಳಿನ ಉಂಗುರಗಳನ್ನು ತೆಗೀತಾನೆ. ಅದೇ 1968ರಲ್ಲಿ ನಿಜ ಜೀವನದಲ್ಲಿ ಇದೇ ಬರ್ಟನ್ ಇದೇ ಟೇಲರ್‌ಗೆ 33 ಕ್ಯಾರೆಟ್‌ನ ವಜ್ರದ ಉಂಗುರ ಕೊಡಿಸಿದ. ಒಂದು ಕಡೆ ತೊಡಿಸ್ತಾನೆ, ಇನ್ನೊಂದು ಕಡೆ ಕಳಚ್ತಾನೆ. ಇದನ್ನು ಹೇಳಿದರೆ ಚೆನ್ನಾಗಿರತ್ತೆ ಅಂತ ಬಾಯಿ ತೆಗೆದೆ. ದೊಡ್ಡಮ್ಮನ ಮುಖ ನೋಡಿ ಮುಚ್ಚಿದೆ.

ಅವಳು ಪರದೆ ನೋಡ್ತಾ ಹೇಳಿದಳು, "ಮೊದಲೇ ತೆಗೀತಿದ್ದಾನೆ. ಒಳ್ಳೇದಾಯ್ತು. ಆಮೇಲೆ ಬೆರಳು ಬಾತುಕೊಳ್ಳತ್ತೆ."

ಯಾರೂ ಮಾತಾಡಲಿಲ್ಲ.

"ಅವರದ್ದು ಬರಲೇ ಇಲ್ಲ. ಸೋಪಿನ ನೀರು ಹಾಕಿ ಹಾಕಿ ತಿರುಗಿಸಿದೆ."

ದೊಡ್ಡಪ್ಪ ಹೋಗಿ ಹದಿಮೂರು ವರ್ಷ ಆಯ್ತು. ಇದನ್ನು ಅವಳು ಯಾವತ್ತೂ ಹೇಳಿರಲಿಲ್ಲ. ಕೊನೆಗೆ ಉಂಗುರ ಬಂತೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಭಾವನ ಕೈಯಲ್ಲಿದ್ದ ಹಪ್ಪಳ ಹಾಗೇ ಇತ್ತು. ಅವಳು ಆಮೇಲೆ ಉಳಿದಷ್ಟನ್ನು ಗಮನ ಇಟ್ಟು ನೋಡಿದಳು. ಸಿನಿಮಾ ಮುಗೀತು. ಹೆಂಗಿತ್ತು ಅಂತ ಕೇಳಿದೆ. ಆಗ ಬಂದಿದ್ದು ತುಪ್ಪದ ಮಾತು.

ನನಗೆ ಕಾಡ್ತಾ ಇರೋದು ಇದು. ಅವಳು ಅಡುಗೆ ಕೆಟ್ಟಿಲ್ಲ ಅಂತ ಹೇಳಲಿಲ್ಲ. ಅಳಿಯ ಹೇಳಿದ್ದನ್ನೆಲ್ಲ ಒಂದೇ ಮಾತಲ್ಲಿ ಒಪ್ಪಿದಳು. ಕೆಟ್ಟಿದೆ ಅಂತ ಖುಷಿಯನ್ನೂ ಪಡಲಿಲ್ಲ, ನನ್ನ ಹಾಗೆ. ಕೆಟ್ಟಿದ್ದು ಕೆಟ್ಟಿದೆ, ತುಪ್ಪ ತುಪ್ಪವೇ. ಎರಡನ್ನೂ ಒಂದೇ ಬಾಳೆಯಲ್ಲಿ ಉಂಡು ಎದ್ದಳು. ನಾನು ಇಪ್ಪತ್ತು ವರ್ಷ ಇದೇ ಸಿನಿಮಾಗಳನ್ನು ಗೇಲಿ ಮಾಡೋ ನೆಪದಲ್ಲಿ ನೋಡಿದ್ದೇನೆ. ನಿಜ ಹೇಳಬೇಕಂದರೆ ಗೇಲಿಗೆ ಒಂದು ಸಲ ನೋಡಿದರೆ ಸಾಕು. ನಾನು ಬೂಮ್ ನೋಡಿದ್ದು ಏಳು ಸಲ.

ಬಿಗಿಯಾಗಿ ಕಟ್ಟಿದ ಸಿನಿಮಾದಲ್ಲಿ ನಾನು ಪಂಕ್ತಿಯಲ್ಲಿ ಕೂತ ನೆಂಟ. ಬಡಿಸಿದ್ದನ್ನು ಬಡಿಸಿದ ಕ್ರಮದಲ್ಲಿ ಉಣ್ಣಬೇಕು, ಅದೂ ಒಂದು ಸುಖವೇ. ಇಂಥ ಸಿನಿಮಾದಲ್ಲಿ ಬಡಿಸುವವರು ಇಲ್ಲ, ಅಡುಗೆಮನೆಗೇ ಹೊಕ್ಕಬಹುದು. ಸೀದ ತಳ ಕಾಣತ್ತೆ, ದುಡ್ಡು ಸುರಿದಿದ್ದು ಕಾಣತ್ತೆ. ಗಂಡ ಹೆಂಡತಿ ನಡುವೆ ಆವತ್ತು ಬೆಳಗ್ಗೆ ಏನೋ ಆಗಿದೆ ಅನ್ನೋದೂ ಕಾಣತ್ತೆ, ಅಥವಾ ಕಂಡ ಹಾಗೆ ಆಗತ್ತೆ. ಆ ಉಂಗುರದ ದೃಶ್ಯ ಇನ್ನೂ ಚೆನ್ನಾಗಿ ಕಟ್ಟಿದ್ದರೆ ದೊಡ್ಡಮ್ಮ ಕಣ್ಣೊರೆಸಿಕೊಂಡು ಎದ್ದು ಹೋಗ್ತಿದ್ದಳೋ ಏನೋ. ಸೋಪಿನ ನೀರಿನ ಮಾತು ಹೊರಗೆ ಬರ್ತಿರಲಿಲ್ಲ ಅಂತ ನನಗೆ ಅನಿಸತ್ತೆ. ಭಾವನಿಗೆ ಹೀಗೆ ಹೇಳಿದರೆ, "ಇದು ವಿಮರ್ಶೆ ಅಲ್ಲ, ಹರಟೆ" ಅಂತಾರೆ. ಅನ್ನಲಿ. ಅವರು ಆ ರಾತ್ರಿ ಮಲಗೋಕೆ ಹೋಗುವಾಗ, "ಆ ಮನೆ ಮಾತ್ರ ಚೆನ್ನಾಗಿ ಕಟ್ಟಿದ್ರು" ಅಂದಿದ್ದು ನನಗೆ ಕೇಳಿಸಿದೆ.

ಸೋಮವಾರ ಬೆಳಗ್ಗೆ ಹೊಳವಾಯ್ತು. ಕೊನೆಗೌಡ ಓಡಿ ಬಂದ. ಮಧ್ಯಾಹ್ನದ ಹೊತ್ತಿಗೆ ಅರ್ಧ ತೋಟ ಮುಗೀತು, ಮತ್ತೆ ಮಳೆ. ಉಳಿದದ್ದನ್ನು ನೋಡ್ಕೋತೀನಿ ಅಂತ ಅವನು ಒಪ್ಪಿಕೊಂಡ ಮೇಲೆ ನಾನು ಚೀಲ ಹೆಗಲಿಗೆ ಹಾಕಿದೆ. ದೊಡ್ಡಮ್ಮ ಬಾಗಿಲ ತನಕ ಬಂದಳು.

"ಎರಡನೇ ಔಷಧಿಗೆ ಬರ್ತೀಯಲ್ಲ, ಆ ಹೆಂಗಸಿಂದು ಬೇರೆ ಇದ್ರೆ ತಗೊಂಡು ಬಾ."

"ಇದೆ. ನಾಲ್ಕು ಗಂಟೆದು. 65 ಸಲ ಬಟ್ಟೆ ಬದಲಾಯಿಸ್ತಾಳೆ."

"ನಾಲ್ಕೇ ಗಂಟೆಯಾ?" ಅಂದಳು. "ಬೆಳಗಿನ ತನಕ ಆಟ ನೋಡಿದವಳು ನಾನು. ಹಪ್ಪಳದ ಡಬ್ಬ ಮಾತ್ರ ಬೇರೆ ಕಡೆ ಇಡು."