ನೇತ್ರಾಣಿಯ ಸ್ಕೂಬಾ, ಸಂಜೆಯ ದುಬೈ ಫ್ಲೈಟ್

ಉಡುಪಿಯ ಒಂದು ಟ್ರಾವೆಲ್ಸ್‌ನಲ್ಲಿ ನನಗೆ ಒಂಬತ್ತು ವರ್ಷ ಆಯಿತು. ಭಾನುವಾರ ಅರ್ಧ ದಿನ. ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸ್ ವಾಟ್ಸಾಪ್ ಮಾಡುವುದು ಬಿಟ್ಟರೆ ಜಾಸ್ತಿ ಕೆಲಸ ಇಲ್ಲ. ಫೆಬ್ರವರಿಯ ಒಂದು ಭಾನುವಾರ ಹಾಗೇ ಕೂತು ಅಂಡಮಾನಿನ ಒಂದು ಹನಿಮೂನ್ ಫೈಲ್ ನೋಡುತ್ತಿದ್ದೆ.

ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಕೊನೆಯ ಬೆಳಿಗ್ಗೆಗೆ ಸ್ಕೂಬಾ, ಅಂದರೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಡೈವ್, ಹಾಕಿದ್ದೆ. ಅಲ್ಲಿನ ಏಜೆಂಟ್ ಅದನ್ನು ಎತ್ತಿ ಎರಡನೇ ದಿನಕ್ಕೆ ಇಟ್ಟಿದ್ದ. ಕೊನೆಯ ದಿನಕ್ಕೆ ಎಲಿಫೆಂಟ್ ಬೀಚ್, ಸ್ನಾರ್ಕ್ಲಿಂಗ್. ಇವನದ್ದೊಂದು ತಲೆಹರಟೆ ಅಂದುಕೊಂಡು ಯಾಕೆ ಅಂತ ಕೇಳಿದೆ. ವಾಯ್ಸ್ ಮೆಸೇಜ್ ಬಂತು. ಡೈವ್ ಆದ ಮೇಲೆ ವಿಮಾನ ಹತ್ತಬಾರದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ ಬಿಡಬೇಕು, ಹಲವು ಡೈವ್ ಆದರೆ 18. ಸ್ನಾರ್ಕ್ಲಿಂಗ್‌ನಲ್ಲಿ ನೀರಿನ ಮೇಲೆಯೇ ಮುಖ ಮುಳುಗಿಸಿ ತೇಲುವುದು ತಾನೆ, ಅದಕ್ಕೆ ಈ ಲೆಕ್ಕ ಇಲ್ಲ.

ಗಡಿಯಾರ ನೋಡಿದೆ. 9:40.

ನಮ್ಮಲ್ಲೇ ಪ್ರತಿ ವರ್ಷ ಟಿಕೆಟ್ ಮಾಡಿಸುವ ಕಾಪುವಿನ ಹುಡುಗ ಆ ಹೊತ್ತಿಗೆ ಸ್ಕೂಬಾಕ್ಕೆಂದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಬೋಟಿನಲ್ಲಿದ್ದ. ಸಂಜೆ 7:10ಕ್ಕೆ ಬಜಪೆಯಿಂದ ಅವನ ದುಬೈ ಫ್ಲೈಟ್. ಟಿಕೆಟ್ ಮಾಡಿದವನು ನಾನು, ಸ್ಕೂಬಾ ವೌಚರ್ ಕೊಟ್ಟವನೂ ನಾನು. ಒಂದು ಗಂಟೆಗೆ ದಡ, ನಾಲ್ಕಕ್ಕೆ ಏರ್‌ಪೋರ್ಟ್ ಅಂತ ಕಾರಿನ ಲೆಕ್ಕ ಹಾಕಿ, ಕೊನೆಯ ದಿನವೂ ವೇಸ್ಟ್ ಆಗಲಿಲ್ಲ ನೋಡು ಅಂತ ಬೀಗಿದವನೂ ನಾನೇ.

"ಸ್ನಾರ್ಕ್ಲಿಂಗ್ ಸಾಕಲ್ವಾ ಅಣ್ಣ? ಮೀನು ನೋಡಿದರೆ ಆಯಿತು" ಅಂತ ಅವನು ಹೇಳಿದ್ದ. "ಅಷ್ಟು ದೂರ ಹೋಗಿ ಮೇಲಿಂದ ನೋಡಿ ಬರುವುದಾ ಮಾರಾಯ? ಈಜು ಬಾರದಿದ್ದರೂ ಅಡ್ಡಿಯಿಲ್ಲ, ಹಿಡಿದುಕೊಂಡೇ ಇಳಿಸುತ್ತಾರೆ" ಅಂತ ಸ್ಕೂಬಾ ತಳ್ಳಿದೆ. ನಿಜ ಹೇಳಬೇಕೆಂದರೆ ಸ್ಕೂಬಾದಲ್ಲಿ ಮಾರ್ಕಪ್ ಜಾಸ್ತಿ.

ಅವನಿಗೆ ಫೋನ್ ಮಾಡಿದೆ. ನಾಟ್ ರೀಚಬಲ್. ಇನ್‌ಸ್ಟ್ರಕ್ಟರ್ ಫೋನೂ ಹಾಗೇ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್, ಅಲ್ಲಿಗೆ ಓಡಿ ಹೇಳುವ ಹಾಗಿಲ್ಲ. ಡೈವ್ ಸೆಂಟರ್‌ನಲ್ಲಿ ಫೋನ್ ಎತ್ತಿದ ಹುಡುಗ "ಬೋಟ್ ಬಂದ ಮೇಲೆ ಹೇಳುತ್ತೇನೆ ಸರ್" ಅಂದ. ಬೋಟ್ ಬಂದ ಮೇಲೆ ಹೇಳಿ ಎಂತ ಮಾಡುವುದು? ಒಂದೂವರೆ ಗಂಟೆ ರೀಡಯಲ್ ಒತ್ತುತ್ತಾ ಕೂತೆ. ಎದುರಿಗೆ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ನಡುವೆ ಡೈವ್ ಸೆಂಟರಿನ ರೇಟ್ ಶೀಟ್ ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಈ ವಿಮಾನದ ವಿಷಯ ಇತ್ತು. ಎರಡು ಸೀಸನ್‌ನಿಂದ ಅದೇ ಶೀಟ್ ನನ್ನ ಡ್ರಾಯರ್‌ನಲ್ಲಿದೆ. ನಾನು ಓದಿದ್ದು ನೆಟ್ ರೇಟ್ ಮಾತ್ರ.

11:15ಕ್ಕೆ ಫೋನ್ ಸಿಕ್ಕಿತು. "ಅಣ್ಣ, ಡೈವ್ ಸೂಪರ್! ಆಮೆ ಕಾಣಿಸಿತು!"

ಬಾಸಿಗೆ ಹೇಳಿದೆ. "ಏನೂ ಆಗುವುದಿಲ್ಲ, ಎಷ್ಟು ಜನ ಹೋಗಿಲ್ಲ? ಈಗ ಡೇಟ್ ಚೇಂಜ್ ಅಂದರೆ ಹಣ ಯಾರಪ್ಪ ಕೊಡುವುದು?" ಒಂದು ನಿಮಿಷ ನನಗೂ ಹಾಗೇ ಅನಿಸಿತು. ಆದರೆ ಅಂಡಮಾನಿನವನ ಮೆಸೇಜ್ ಕೇಳಿ ಆಗಿತ್ತಲ್ಲ. ನೀರಿನ ಕೆಳಗೆ ಹತ್ತು ಮೀಟರ್ ಹೋದರೆ ಒತ್ತಡ ಎರಡು ಪಟ್ಟು. ಉಸಿರಾಡಿದ ನೈಟ್ರೋಜನ್ ಮೈಯೊಳಗೆ ಕರಗುತ್ತದೆ, ನಿಧಾನ ಹೊರಗೆ ಹೋಗುತ್ತದೆ. ವಿಮಾನದೊಳಗಿನ ಗಾಳಿ ಕುದುರೆಮುಖದ ತುದಿಯಲ್ಲಿ, ಕೆಲವೊಮ್ಮೆ ಅದಕ್ಕೂ ಮೇಲೆ ಕೂತಷ್ಟು ತೆಳು. ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳಬಹುದು. ಗಂಟುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಹೋಗಬಹುದು. ಡೈವ್‌ಗೂ ಫ್ಲೈಟಿಗೂ ನಡುವೆ ಇದ್ದದ್ದು ಹೆಚ್ಚೆಂದರೆ ಎಂಟೂವರೆ ಗಂಟೆ.

ಮಾರನೇ ಸಂಜೆಗೆ ರೀಇಶ್ಯೂ ಮಾಡಿದೆ. ಚೇಂಜ್ ಫೀ, ಫೇರ್ ಡಿಫರೆನ್ಸ್ ಸೇರಿ ಒಂಬತ್ತು ಸಾವಿರ ಚಿಲ್ಲರೆ. ಮೂರು ಕಂತಿನಲ್ಲಿ ನನ್ನ ಸಂಬಳದಿಂದ ಹೋಯಿತು. ಅವನಿಗೆ ಸೋಮವಾರದ ಡ್ಯೂಟಿ ತಪ್ಪಿ ಸೂಪರ್‌ವೈಸರ್ ಹತ್ತಿರ ಬೈಗುಳ.

ಚುಚ್ಚಿದ್ದು ಹಣ ಅಲ್ಲ. ಬೋಟಿನಲ್ಲಿ ಇನ್‌ಸ್ಟ್ರಕ್ಟರ್ ಕೇಳಿದ್ದನಂತೆ, ಇವತ್ತು ಯಾರಿಗಾದರೂ ಫ್ಲೈಟ್ ಇದೆಯಾ ಅಂತ. ಇವನು ಸುಮ್ನೆ ಕೂತಿದ್ದ. ಯಾಕೆ ಹೇಳಲಿಲ್ಲ ಅಂತ ರೇಗಿದೆ. "ಎರಡನ್ನೂ ನೀವೇ ಬುಕ್ ಮಾಡಿದ್ದಲ್ವಾ ಅಣ್ಣ, ನೋಡಿಯೇ ಹಾಕಿರುತ್ತೀರಿ ಅಂತ" ಅಂದ.

ನಮ್ಮ ಆಫೀಸಿನ ಆಕ್ಟಿವಿಟಿ ಶೀಟ್‌ನಲ್ಲಿ ವೆಜ್, ನಾನ್ ವೆಜ್‌ಗೆ ಕಾಲಂ ಉಂಟು, ಟೀ ಶರ್ಟ್ ಸೈಜಿಗೂ ಉಂಟು. ರಿಟರ್ನ್ ಫ್ಲೈಟ್‌ಗೆ ಒಂದು ಕಾಲಂ ಹಾಕಿ ಅಂತ ಬಾಸಿಗೆ ಮೂರು ಸಲ ಹೇಳಿದೆ. ಸಾಫ್ಟ್‌ವೇರಿನವನಿಗೆ ಹೇಳಬೇಕಂತೆ, ಅವನು ಕೋಟ್ ಕೊಡಬೇಕಂತೆ. ಸದ್ಯಕ್ಕೆ ನಾನೇ ವೌಚರ್ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ.

ಡಿಸೆಂಬರ್‌ನಲ್ಲಿ ಆ ಹುಡುಗ ಮತ್ತೆ ರಜೆಗೆ ಬಂದ, ಈ ಸಲ ತಂಗಿಯನ್ನೂ ಕರೆದುಕೊಂಡು ನೇತ್ರಾಣಿಗೆ ಹೋಗಬೇಕಂತೆ. ಕುರ್ಚಿಯಲ್ಲಿ ಕೂರುವ ಮೊದಲೇ ರಿಟರ್ನ್ ಟಿಕೆಟ್ಟಿನ ಪ್ರಿಂಟ್ ತೆಗೆದು ನನ್ನ ಕೀಬೋರ್ಡ್ ಮೇಲೆ ಇಟ್ಟ.